ಎಡಗಾಲಿನ ಗಾಳಿ ಕದ್ದವನು

“ಸ್ಪ್ಯಾನರ್ ಕೆಳಗಿಡು! ಇನ್ನೊಂದು ಸುತ್ತು ತಿರುಗಿಸಿದ್ರೆ ಸತ್ತೆ!”

ಕೂಗಿದ್ದು ನಾನೇ. ನನ್ನ ಕೈಯಲ್ಲಿ ಪಿಸ್ತೂಲಿರಲಿಲ್ಲ... ಗ್ರೀಸ್ ಒರೆಸುವ ಬಟ್ಟೆಯಿತ್ತು.

ಮಟಮಟ ಮಧ್ಯಾಹ್ನ. ವಿಮಾನ ನಿಲ್ಲಿಸುವ ಹ್ಯಾಂಗರಿನವರೆಲ್ಲ ಊಟಕ್ಕೆ ಹೋಗಿದ್ದರು. ಹಳೆಯ ಪುಟ್ಟ ವಿಮಾನದ ಎಡಗಾಲಿನ ಬಳಿ ಒಬ್ಬ ಬಗ್ಗಿ ನಿಂತಿದ್ದ. ಕಣ್ಣಿಗೆ ಕಪ್ಪು ಕನ್ನಡಕ, ತಲೆಗೆ ಮಂಕಿ ಕ್ಯಾಪ್. ಆ ಸೆಕೆಯಲ್ಲಿ ಮಂಕಿ ಕ್ಯಾಪ್!

ಅವನ ಮೂಗು ಸರಿಯಾಗಿ ಅದರ ಗ್ಯಾಸ್ ವಾಲ್ವಿನ ಮೇಲಿತ್ತು.

ನಿಮಗೆ ಗೊತ್ತಿರಲಿಕ್ಕಿಲ್ಲ. ಚಕ್ರ ಹೊತ್ತ ವಿಮಾನದ ಕಾಲೆಂದರೆ ಬರೀ ಕಂಬವಲ್ಲ. ಕೊಳವೆಯೊಳಗೆ ಕೊಳವೆ. ಒಳಗೆ ಎಣ್ಣೆ, ಅದರ ಮೇಲೆ ನೈಟ್ರೋಜನ್. ಕಾರಿನ ಟೈರಿನ ಎಂಟು ಪಟ್ಟು ಒತ್ತಡ! ಇಳಿಯುವಾಗಿನ ಹೊಡೆತವನ್ನೆಲ್ಲ ಅದೇ ನುಂಗಬೇಕು. ಗ್ಯಾಸ್ ಬಿಡದೆ ವಾಲ್ವನ್ನೇ ಬುಡಸಮೇತ ಬಿಚ್ಚಿದಿರೋ... ಅದು ಬಂದೂಕಿನ ಗುಂಡು!

ನನ್ನ ಕಸುಬು ಈ ಕಾಲುಗಳದ್ದೇ. ಹೆಂಗಸು ಎಂದು ಮೊದಲು ನಕ್ಕವರೂ ಈಗ ನನ್ನನ್ನು ‘ಮೊಣಕಾಲು ಡಾಕ್ಟರ್’ ಎನ್ನುತ್ತಾರೆ.

ನಾಲ್ಕು ದಿನದ ಹಿಂದೆ ವಿಮಾನದ ಒಡತಿ ಫೋನ್ ಮಾಡಿದ್ದರು. ಎಪ್ಪತ್ತೊಂದು ವರ್ಷದ ನಿವೃತ್ತ ಪೈಲಟ್. ಎಲ್ಲರ ಬಾಯಲ್ಲೂ ಕ್ಯಾಪ್ಟನ್ ಅಮ್ಮ.

“ಎಡಗಾಲು ದಿನಾ ಕುಸೀತಿದೆ ಕಣಮ್ಮಾ. ಭಾನುವಾರ ನಾನು ಹಾರಲೇಬೇಕು.”

ಸೋರದಂತೆ ಹೊಸ ಸೀಲ್ ಹಾಕಿದೆ. ಎಣ್ಣೆ ಬದಲಿಸಿದೆ. ಒಳಕೊಳವೆಯ ಹೊಳೆಯುವ ಉಕ್ಕು ಮೂರು ಬೆರಳು ಕಾಣುವಷ್ಟು ಗ್ಯಾಸ್ ತುಂಬಿದೆ. ಊಟ ಮುಗಿಸಿ ಬಂದರೆ... ಒಂದು ಬೆರಳೂ ಇಲ್ಲ! ವಿಮಾನ ಎಡಕ್ಕೆ ವಾಲಿ, ಮುನಿಸಿಕೊಂಡ ಮಗುವಿನ ಹಾಗೆ ನಿಂತಿತ್ತು.

ಮತ್ತೆ ಗ್ಯಾಸ್ ತುಂಬಿ, ಸೋಪಿನ ನೊರೆ ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಸೋರಿಕೆಯಿಲ್ಲ. ಅಂದರೆ ಯಾರೋ ಬೇಕೆಂದೇ ಗ್ಯಾಸ್ ಬಿಡುತ್ತಿದ್ದಾರೆ!

ಮರುದಿನ ರೆಕ್ಕೆಯ ಮೇಲೊಂದು ಚೀಟಿ. ‘ಹಾರಿದರೆ ನೆಟ್ಟಗಿರಲ್ಲ!’

ನಾನು ವಾಲ್ವಿಗೆ ಬೀಗದ ಮುಚ್ಚಳ ಹಾಕಿ, ಟೂಲ್ ಕಪಾಟಿನ ಹಿಂದೆ ಅಡಗಿ ಕೂತೆ. ಅವನು ಬಂದ. ಮುಚ್ಚಳ ಜಗ್ಗಲಿಲ್ಲ. ಸಿಟ್ಟಿಗೆದ್ದು ಬುಡಕ್ಕೇ ಸ್ಪ್ಯಾನರ್ ಹಾಕಿದ. ಆಗಲೇ ನಾನು ಕಿರುಚಿದ್ದು.

ಸ್ಪ್ಯಾನರ್ ಠಣ್ಣೆಂದು ಬಿತ್ತು. ಅವನು ವಾಚ್‌ಮನ್ನನ ಸೈಕಲ್ ಹತ್ತಿ ಹೊರಟೇಬಿಟ್ಟ!

ಬೆನ್ನಟ್ಟಿದೆ. ಅವನು ತಿರುಗಿದ್ದು ಗೇಟಿನ ಕಡೆಗಲ್ಲ... ರನ್‌ವೇ ಕಡೆಗೆ! ಎದುರಿಗೆ ಟ್ರೈನಿಂಗ್ ವಿಮಾನವೊಂದು ಇಳಿಯುತ್ತಿತ್ತು.

“ನಿಲ್ಲೋ!”

ಹಾರಿ ಕಾಲರ್ ಹಿಡಿದೆ. ಸೈಕಲ್, ಅವನು, ನಾನು ಮೂವರೂ ಹುಲ್ಲಿಗೆ! ತಲೆಯ ಮೇಲೆಯೇ ವಿಮಾನ ಭರ್ರೆಂದಿತು.

ಮಂಕಿ ಕ್ಯಾಪ್ ಕಿತ್ತೆ. ಬೆಳ್ಳಗಿನ ತಲೆ. ಮೆತ್ತಗಿನ ಮುಖ.

ಕ್ಯಾಪ್ಟನ್ ಅಮ್ಮನ ಗಂಡ! ದಿನಾ ಮಧ್ಯಾಹ್ನ ಹೆಂಡತಿಗೆ ಊಟದ ಡಬ್ಬಿ ತಂದುಕೊಡುವ ರಿಟೈರ್ಡ್ ಮೇಷ್ಟ್ರು!

“ಮೇಷ್ಟ್ರೇ... ನೀವಾ?”

“ಅವಳಿಗೆ ಹೇಳ್ಬೇಡಮ್ಮಾ.”

“ಯಾಕೆ ಹೀಗೆ ಮಾಡಿದ್ರಿ?”

“ನಲವತ್ತೈದು ವರ್ಷ ಅವಳು ಮೇಲೆ, ನಾನು ಕೆಳಗೆ... ಜೀವ ಕೈಯಲ್ಲಿ ಹಿಡ್ಕೊಂಡು. ರಿಟೈರ್ ಆದ್ಲು, ಬದುಕಿದೆ ಅಂದ್ಕೊಂಡೆ. ಈಗ ನೋಡಿದ್ರೆ ಈ ಸ್ವಂತ ವಿಮಾನ!”

“ಇವತ್ತು ನಿಮ್ಮ ಜೀವವೇ ಹೋಗ್ತಿತ್ತು. ಆ ವಾಲ್ವ್ ನೇರ ಮುಖಕ್ಕೆ ಹಾರ್ತಿತ್ತು.”

ಮೇಷ್ಟ್ರು ಮೂಗು ಮುಟ್ಟಿ ನೋಡಿಕೊಂಡರು.

“ರೀ... ನೀವೇನ್ರೀ?”

ಹಿಂದೆ ಕ್ಯಾಪ್ಟನ್ ಅಮ್ಮ! ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೆಂಕಿ ಕಾರುತ್ತಾರೆ ಎಂದುಕೊಂಡೆ. ಆಕೆ ಸುಮ್ಮನೆ ಹುಲ್ಲಿನ ಮೇಲೆ, ಗಂಡನ ಪಕ್ಕ ಕೂತರು.

“ಇಷ್ಟು ವರ್ಷ ಒಂದ್ಸಲಾನೂ ಹೇಳಲಿಲ್ವಲ್ರೀ.”

“ನೀನು ಕೇಳ್ಲೇ ಇಲ್ವಲ್ಲೇ.”

ನಾನು ಬಿದ್ದ ಸೈಕಲ್ ಎತ್ತಿ ನಿಲ್ಲಿಸಿದೆ.

“ಬಿಚ್ಚಿದವರೇ ಸರಿ ಮಾಡ್ಬೇಕು ಮೇಷ್ಟ್ರೇ. ಬನ್ನಿ!” ಎಂದೆ.

ಮಾಡಿಸಿದೆ. ಮೊದಲು ಗ್ಯಾಸ್ ನಿಧಾನವಾಗಿ ಬಿಡಿಸಿದೆ. ಆಮೇಲೆ ವಾಲ್ವಿಗೆ ಹೊಸ ರಬ್ಬರ್ ರಿಂಗ್, ಎಣ್ಣೆ, ಮತ್ತೆ ಗ್ಯಾಸ್. ಮೇಷ್ಟ್ರು ಆರು ಸಲ ಅಳೆದರು.

“ಮೂರು ಬೆರಳು ಅಂದ್ರೆ ನಿನ್ನ ಬೆರಳಾ, ನನ್ನ ಬೆರಳಾ?”

“ನನ್ನದು!”

ಭಾನುವಾರ ವಿಮಾನ ಹಾರಿತು. ಹಿಂದಿನ ಸೀಟಿನಲ್ಲಿ ಮೇಷ್ಟ್ರು. ಅವರೇ ಹಟ ಹಿಡಿದು ಹತ್ತಿದ್ದರು.

ಇಳಿಯುವಾಗ ಪಕ್ಕದಿಂದ ಗಾಳಿ ಬೀಸಿತು. ವಿಮಾನ ವಾಲಿತು. ಎಡಗಾಲು ಒಂಟಿಯಾಗಿ ನೆಲಕ್ಕೆ ಅಪ್ಪಳಿಸಿತು... ಧಡ್! ಕುಸಿಯಿತು... ಕುಸಿಯಿತು... ಮೇಲೆದ್ದಿತು!

ಮೇಷ್ಟ್ರು ರೆಕ್ಕೆ ಹಿಡಿದುಕೊಂಡೇ ಇಳಿದರು.

“ಹೇಗಿತ್ತು?”

“ಗೊತ್ತಿಲ್ಲಮ್ಮಾ. ಕಣ್ಣು ಬಿಟ್ಟಿದ್ದೇ ಈಗ.”

ಅವರು ಅತ್ತ ಹೋದ ಮೇಲೆ ಕ್ಯಾಪ್ಟನ್ ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

“ಅವರಿಗೆ ಹೇಳ್ಬೇಡ. ಆ ಹೊಡೆತಕ್ಕೆ ನಾನೂ ಕಣ್ಣು ಮುಚ್ಚಿಕೊಂಡಿದ್ದೆ.”

ಒಟ್ಟಿನಲ್ಲಿ ಅವತ್ತು ಎಚ್ಚರವಾಗಿದ್ದುಕೊಂಡು ಕೆಲಸ ಮಾಡಿದ್ದು ಎಡಗಾಲು ಒಂದೇ!