ಒದ್ದೆಯಾಗದ ಟವೆಲ್

"ಇಡು ಕೈ! ನಿಮ್ಮಮ್ಮನ ತಲಿ ಮ್ಯಾಲೆ ಇಡು! ಇನ್ನು ಹೊಳಿಗೆ ಇಳಿಯಲ್ಲ ಅಂತ ಆಣೆ ಮಾಡು!"

ಕೆಂಚವ್ವನ ಕೂಗಿಗೆ ಸರಸ್ವತಿ ನಗರದ ಆ ಪುಟ್ಟ ಮನೆಯಲ್ಲಿ ಊಟಕ್ಕೆ ಕುಳಿತವರ ತುತ್ತು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಕಾಂತರಾಜ್ ತೀರಿಕೊಂಡು ಅಂದಿಗೆ ವರ್ಷ. ಹಾರ ಹಾಕಿದ ಫೋಟೋದ ಮುಂದೆ ಎಡೆ ಇಟ್ಟು ನೆಂಟರಿಗೆ ಬಡಿಸುತ್ತಿದ್ದಾಗ ಅವನ ಮಗಳು ದುರ್ಗಾ ಬಾಯಿ ಜಾರಿ ಹೇಳಿದ್ದಳು, "ಭಾನುವಾರ ತಾರಿಕ್ ಮಾಮನ ಜೊತೆ ಹರಿಹರದಾಗೆ ಈಜಿ ಹೊಳೆ ದಾಟ್ತೀನಿ, ಅಪ್ಪ ದಾಟ್ತಿದ್ದಂಗೆ" ಎಂದು. ಅಷ್ಟೇ! ಮುದುಕಿ ಉಣ್ಣುವುದನ್ನು ಬಿಟ್ಟು ಎದ್ದು, ಮೊಮ್ಮಗಳ ಮುಂಗೈ ಹಿಡಿದು ಸೊಸೆ ಭುವನೇಶ್ವರಿಯ ಮುಂದೆ ಎಳೆದು ತಂದಿದ್ದಳು.

ಭುವನೇಶ್ವರಿ ಸಾರಿನ ಸೌಟು ಹಿಡಿದೇ ನಿಂತಿದ್ದಳು. ಆಣೆ... ಆ ಮಾತು ಈ ಮನೆಗೆ ಹೊಸದಲ್ಲ.

ಪಂಪ್‌ಸೆಟ್ ರಿಪೇರಿ ಮಾಡುವವನು ನೆರಳಲ್ಲಿ ಕುಳಿತು ದುಡಿಯಬಹುದು. ಆದರೆ ಕಾಂತರಾಜ್‌ನ ಜಾಯಮಾನವೇ ಬೇರೆ. ಹೊಳೆ ದಂಡೆಯ ರೈತರ ಪಂಪು ನೀರೆತ್ತದಿದ್ದರೆ ಉಸಿರು ಬಿಗಿಹಿಡಿದು ಮುಳುಗಿ, ಪೈಪಿನ ಬಾಯಿಗೆ ಮೆತ್ತಿದ ಕೆಸರು ಬಿಡಿಸಿ, ನಗುತ್ತ ಮೇಲೇಳುತ್ತಿದ್ದ. ಹರಿಹರದ ತನ್ನ ಅಂಗಡಿಗೆಂದು ಹೊರಟವನು ದಾರಿಯಲ್ಲಿ ಬಾತಿ ಗುಡ್ಡ ಕಂಡರೆ ಗಾಡಿ ನಿಲ್ಲಿಸಿ ಹತ್ತಿಬಿಡುತ್ತಿದ್ದ. ಗಿರಾಕಿಗಳು ಮುಚ್ಚಿದ ಬಾಗಿಲ ಮುಂದೆ ಕಾದು ಕಾದು ಬೈದುಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೊಂಡಜ್ಜಿ ಕೆರೆಯ ದಂಡೆಗೆ ಕರೆದೊಯ್ದು, ಕಲ್ಲು ಹೂಡಿ ಅನ್ನ ಬೇಯಿಸಿದ್ದ. ಅನ್ನಕ್ಕಿಂತ ಇರುವೆಯೇ ಹೆಚ್ಚಿತ್ತು! ಭುವನೇಶ್ವರಿ ಮನೆ ಸೇರುವವರೆಗೂ ಅವನೊಂದಿಗೆ ಮಾತು ಬಿಟ್ಟಿದ್ದಳು. ಈಗ ನೆನೆದರೆ ನಗು ಬರುತ್ತದೆ, ನಗುವಿನ ಬೆನ್ನಿಗೇ ಅಳುವೂ ಬರುತ್ತದೆ.

ಕೆಂಚವ್ವನಿಗೆ ಮಾತ್ರ ಮಗನ ಈ ಹುಚ್ಚು ಕಂಡರೆ ಜೀವ ಹಿಡಿಯಷ್ಟಾಗುತ್ತಿತ್ತು. ಅವಳ ಗಂಡ ಹನುಮಂತಪ್ಪನನ್ನು ಒಂದು ಮಳೆಗಾಲದಲ್ಲಿ ಅದೇ ತುಂಗಭದ್ರೆ ಕೊಚ್ಚಿಕೊಂಡು ಹೋಗಿತ್ತು. ಕೆಲವು ವರ್ಷಗಳ ಹಿಂದೆ ಕಾಂತರಾಜ್ ಮೊಣಕಾಲು ಒಡೆದುಕೊಂಡು ಹೊಳೆಯಿಂದ ಬಂದ ದಿನ ಅತ್ತೆ ಹೇಳಿಕೊಟ್ಟಳು. ಸೊಸೆ ಗಂಡನ ಕೈ ಹಿಡಿದು ಮಗಳ ತಲೆಯ ಮೇಲೆ ಇಡಿಸಿದಳು. ದುರ್ಗಾ ಆಗಿನ್ನೂ ಹೈಸ್ಕೂಲು. "ಇನ್ನು ನೀರಿಗೆ ಇಳಿಯಲ್ಲ" ಎಂದ ಕಾಂತರಾಜ್‌ನ ದನಿ ಅವನಿಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗಿತ್ತು. ಅಲ್ಲಿಂದಾಚೆ ಅಂಗಡಿಗೆ ಹೊತ್ತು ತಂದ ಮೋಟರುಗಳನ್ನಷ್ಟೇ ಬಿಚ್ಚಿದ. ಭಾನುವಾರವೂ "ಅಂಗಡೀಲಿ ಕೆಲ್ಸ ಐತೆ" ಎಂದು ಹೋಗುತ್ತಿದ್ದ. ತಿರುಗಿ ಬಂದ ಕೂಡಲೇ ಭುವನೇಶ್ವರಿ ಅವನ ಹೆಗಲ ಮೇಲಿನ ಚೌಕಳಿ ಟವೆಲ್ ಮುಟ್ಟಿ ನೋಡುತ್ತಿದ್ದಳು. ಯಾವಾಗಲೂ ಒಣಗಿರುತ್ತಿತ್ತು. ಗಂಡನನ್ನು ಉಳಿಸಿಕೊಂಡೆ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು. ಉಳಿಸಿಕೊಂಡಳೇ? ಹೋದ ವರ್ಷ ಅವನು ಇದೇ ನಡುಮನೆಯಲ್ಲಿ, ಟಿವಿಯ ಮುಂದೆ, ಕುರ್ಚಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ!

"ಅಜ್ಜಿ, ಕೈ ಬಿಡು, ನೋಯ್ತೈತೆ," ಎಂದಳು ದುರ್ಗಾ. ಐಟಿಐ ಮುಗಿಸಿ ಈಗ ಅಪ್ಪನ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. "ನಂಗೆ ಈಜು ಕಲಿಸಿದ್ದೇ ಅಪ್ಪ. ನನ್ನ ತಲೆ ಮ್ಯಾಲೆ ಆಣೆ ಹಾಕ್ಸಿ ಅಪ್ಪನ್ನ ಕೂರಿಸಿದ್ರಿ, ಅವತ್ತು ಸುಮ್ನಿದ್ದೆ. ಈಗ ನಂಗೂ ಹಂಗೇ ಮಾಡ್ತೀರೇನು?"

"ಮಾಡ್ತೀನೇ! ನನ್ ಗಂಡನ್ನ ನುಂಗಿದ ನೀರು ಅದು! ಏ ಭುವನಾ, ಗರ ಬಡಿದಂಗೆ ಏನ್ ನಿಂತಿ? ತಲಿ ಬಗ್ಗಿಸೇ! ನಿಂಗೆ ಮಗಳು ಬೇಕೋ ಬ್ಯಾಡೋ?"

ಮೂಲೆಯಲ್ಲಿ ಉಣ್ಣುತ್ತಿದ್ದ ತಾರಿಕ್ ಎದ್ದು ನಿಂತ. ಕಾಂತರಾಜ್‌ನ ಅಂಗಡಿಯ ಪಕ್ಕದಲ್ಲೇ ಕಬ್ಬಿಣ ಕಡೆಯುವ ಲೇಥ್ ಇಟ್ಟುಕೊಂಡವನು, ಹಳೆಯ ಗೆಳೆಯ. "ಒಂದ್ ಮಾತು ಹೇಳ್ತೀನಿ ಅವ್ವಾ, ಬೈಬ್ಯಾಡ್ರಿ. ಕಾಂತಣ್ಣ ಆಣೆ ತಪ್ಪಲಿಲ್ಲ. ಆದ್ರೆ ಹೊಳೆ ಬಿಟ್ಟಿರ್ಲೂ ಇಲ್ಲ."

ಭುವನೇಶ್ವರಿ ತಲೆ ಎತ್ತಿದಳು. "ಏನಂದ್ರಿ?"

"ಭಾನುವಾರ ಅಂಗಡಿ ಬಾಗ್ಲೇ ತೆಗೀತಿರ್ಲಿಲ್ಲ ಅಕ್ಕಾ. ನಮ್ ಜೊತೆ ಹೊಳೆಗೆ ಬರ್ತಿದ್ದ. ನಾವು ನೀರಿಗೆ ಬಿದ್ರೆ ಅವ್ನು ದಂಡೆ ಮ್ಯಾಲೆ ನಮ್ ಬಟ್ಟೆ ಕಾಯ್ಕಂಡು, ಮಂಡಕ್ಕಿ ಪೊಟ್ಟಣ ಹಿಡ್ಕಂಡು ಕೂಡ್ತಿದ್ದ. ಕಾಲು ಸೈತ ನೀರಿಗೆ ಬಿಡ್ತಿರ್ಲಿಲ್ಲ. 'ಬಾರಣ್ಣ, ಯಾರ್ ನೋಡ್ತಾರೆ' ಅಂದ್ರೆ, 'ಮಗಳ ತಲೆ ಐತಲ್ಲೋ ಮಾರಾಯ' ಅಂತಿದ್ದ. ನಾವು ಆ ದಂಡೆ ಮುಟ್ಟಿ ಕೈ ಬೀಸಿದ್ರೆ, ಇಲ್ಲಿಂದ ಟವೆಲ್ ಬೀಸ್ತಿದ್ದ..."

ಸೌಟು ಭುವನೇಶ್ವರಿಯ ಕೈಜಾರಿ ನೆಲಕ್ಕೆ ಬಿತ್ತು. ಟವೆಲ್! ವಾರವಾರವೂ ತಾನು ಮುಟ್ಟಿ ನೋಡಿ ಸಮಾಧಾನಪಟ್ಟ ಆ ಒಣ ಟವೆಲ್... ಹಾಗೆ ಮುಟ್ಟುವಾಗ ಅವನು ತನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದನಲ್ಲ! ಒಮ್ಮೆಯಾದರೂ 'ಹೋಗಿ ಬನ್ನಿ' ಅನ್ನುವಳೇನೋ ಎಂದು ಕಾಯುತ್ತಿದ್ದನೇ? ಆಣೆ ಹಾಕಿಸಿದವಳೇ ಅದನ್ನು ಬಿಡಿಸಬೇಕಿತ್ತು. ಅವನು ಬಾಯಿಬಿಟ್ಟು ಕೇಳಲಿಲ್ಲ, ಅವಳಿಗೆ ತಾನಾಗಿ ತೋಚಲೂ ಇಲ್ಲ.

"ಅತ್ತೀ, ನಾನು ತಲೆ ಕೊಡಲ್ಲ," ಎಂದಳು.

"ಏನಂದೇ?"

"ಹೊಳೆ ಒಯ್ಯಲಿಲ್ಲ ಅಂತ ಖುಷಿಪಟ್ವಿ. ನಾವೇ ಅವರನ್ನ ಕುರ್ಚಿಗೆ ಕಟ್ಟಿ ಹಾಕಿದ್ವಲ್ಲ ಅತ್ತೀ! ನಿಮ್ಮನ್ನ ಅನ್ನಲ್ಲ, ಅವತ್ತು ಕೈ ಹಿಡಿದೋಳು ನಾನೇ. ನಂಗೂ ಭಯ ಐತೆ. ಆದ್ರೆ ನನ್ ಭಯಕ್ಕೆ ಇವಳನ್ನ ಕೂರಿಸಲ್ಲ... ಕೂರಿಸಲ್ಲ!"

ಕೆಂಚವ್ವ ತಾರಿಕ್‌ನ ಕಡೆ ತಿರುಗಿ, "ನನ್ ಮಗ ದಂಡಿ ಮ್ಯಾಲೆ ಬರೇ ಕುಂತಿರ್ತಿದ್ನೇನೋ?" ಎಂದಳು.

"ಹೂನವ್ವಾ."

ಮೊಮ್ಮಗಳ ಮುಂಗೈ ಮೇಲಿನ ಹಿಡಿತ ತಾನಾಗಿ ಸಡಿಲಿತು. ಮುದುಕಿ ಮಗನ ಫೋಟೋದ ಮುಂದೆ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಭಾನುವಾರ ಬೆಳಿಗ್ಗೆ ಭುವನೇಶ್ವರಿ ಟ್ರಂಕಿನ ತಳದಿಂದ ಚೌಕಳಿ ಟವೆಲ್ ತೆಗೆದು ಮಗಳ ಹೆಗಲಿಗೆ ಹಾಕಿದಳು. "ಒಣಗಿದ್ದು ವಾಪಸ್ ತರಬ್ಯಾಡ," ಎಂದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಕೆಂಚವ್ವ, ದುರ್ಗಾ ಹೊಸ್ತಿಲು ದಾಟುವಾಗ, "ಸೆಳವು ಜಾಸ್ತಿ ಇದ್ರೆ ಹೊಳ್ಳಿ ಬಾ... ತಾರಿಕ್‌ನ್ನ ಬಿಟ್ಟು ಮುಂದೆ ಹೋಗ್ಬ್ಯಾಡ," ಎಂದಳು.

ಅತ್ತೆ ಸೊಸೆ ಇಬ್ಬರಿಗೂ ತಿಂಡಿ ಸೇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಬಾಗಿಲು ಕಾದರು. ಬಿಸಿಲೇರಿದ ಮೇಲೆ ಗಾಡಿಯ ಸದ್ದಾಯಿತು. ಕೆಂಪಗಾದ ಕಣ್ಣು, ಕೆದರಿದ ತಲೆಯ ದುರ್ಗಾ ನಗುತ್ತ ಒಳಗೆ ಬಂದಳು. ಭುವನೇಶ್ವರಿಯ ಕೈ ಹಳೆಯ ಅಭ್ಯಾಸದಂತೆ ಹೆಗಲಿನ ಟವೆಲ್ ಮುಟ್ಟಿತು. ಹಿಂಡಿದರೆ ನೀರು ಇಳಿಯುವಷ್ಟು ಒದ್ದೆಯಾಗಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಫೋಟೋದ ಕಡೆ ನೋಡಿ ಮೆಲ್ಲಗೆ ಕೇಳಿದಳು:

"ಹೋಗಿ ಬಂದ್ರಾ...?"