ಕಡಲಭೈರವಿಯ ತುಕ್ಕು

ಕೇದಗೆಗೆ ಒಂದು ಅಭ್ಯಾಸವಿತ್ತು. ಯಾರಾದರೂ ಮಾತಾಡಿಸಿದರೆ, ಉತ್ತರ ಕೊಡುವ ಮೊದಲು ಅವಳ ಹೆಬ್ಬೆರಳಿನ ಉಗುರು ಹತ್ತಿರ ಏನಿದೆಯೋ ಅದನ್ನು ಕೆರೆಯುತ್ತಿತ್ತು. ಕಂಬವಿದ್ದರೆ ಕಂಬ, ಗೋಡೆಯಿದ್ದರೆ ಗೋಡೆ, ಏನೂ ಇಲ್ಲದಿದ್ದರೆ ತನ್ನದೇ ಬಳೆ. "ಈ ಹುಡುಗಿಯ ಹತ್ತಿರ ನಾಲ್ಕು ಮಾತಾಡಿದರೆ ನಮ್ಮ ಗೋಡೆಯ ಸುಣ್ಣವೆಲ್ಲ ನೆಲಕ್ಕೆ!" ಎಂದು ಬಂದರಿನ ಹೆಂಗಸರು ನಗುತ್ತಿದ್ದರು. ಅವಳೂ ತಲೆ ತಗ್ಗಿಸಿ ನಗುತ್ತಿದ್ದಳು. ಕೆರೆಯುವುದೇ ಅವಳ ಕೆಲಸವಾಗಿತ್ತು.

ಇದು ನಡೆದದ್ದು ಬಹಳ ಹಿಂದೆ, ಕಡಲು ಇನ್ನೂ ಮನುಷ್ಯರ ಮಾತು ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಅಲೆಗೇರಿ ಎಂಬ ರಾಜ್ಯದಲ್ಲಿ. ಆ ರಾಜ್ಯಕ್ಕೆ ಇದ್ದದ್ದು ಒಂದೇ ಯುದ್ಧನೌಕೆ. ಅದರ ಹೆಸರು ಕಡಲಭೈರವಿ. ಕಬ್ಬಿಣದ ಮೈ, ಹಾಯಿ ಕಟ್ಟಲು ಮೂರು ಕಂಬ, ನಲವತ್ತು ಫಿರಂಗಿ, ಮುನ್ನೂರು ನಾವಿಕರು. ವರ್ಷಕ್ಕೆ ಎರಡು ಸಲ ಅದು ದಡಕ್ಕೆ ಬಂದಾಗ ಹಗ್ಗಕ್ಕೆ ಜೋತುಬಿದ್ದು ಅದರ ಮೈಯ ತುಕ್ಕು ಕೆರೆಯುವವಳು ಕೇದಗೆ. ಅದರ ಮೇಲೆ ಫಿರಂಗಿ ಹಾರಿಸುವವನು ಅವಳ ಅಣ್ಣ ದುಗ್ಗಣ್ಣ. ಅವಳಿಗೆ ಅವನು, ಅವನಿಗೆ ಅವಳು. ಬೇರೆ ಯಾರೂ ಇರಲಿಲ್ಲ.

ಒಂದು ದಿನ ಮಟಮಟ ಮಧ್ಯಾಹ್ನ ಕಡಲಿನ ಮೇಲೆ ಮಂಜು ಇಳಿಯಿತು. ಕಡಲಭೈರವಿ ಅದರೊಳಗೆ ಹೋಯಿತು. ಮಂಜು ಎದ್ದಾಗ ನೀರು ಆಗಷ್ಟೇ ಗುಡಿಸಿದ ಅಂಗಳದಂತೆ ಸಪಾಟಾಗಿತ್ತು. ಹಡಗು ಇರಲಿಲ್ಲ.

ಮೂರನೆಯ ದಿನ ಗುಳಿಗಣ್ಣ ಅರಮನೆಗೆ ಬಂದ. ಅವನು ಮಂಜಿನಲ್ಲೇ ವಾಸಿಸುವ ಮಾಂತ್ರಿಕ. ಕಣ್ಣುಗಳು ಎಷ್ಟು ಒಳಗೆ ಹೋಗಿದ್ದವೆಂದರೆ ಅವು ಇವೆಯೋ ಇಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಹಳ ಮರ್ಯಾದೆಯಿಂದ ಕೈಮುಗಿದು ರಾಜ ಮಲ್ಲದೇವನ ಮುಂದೆ ಒಂದು ಪೆಟ್ಟಿಗೆ ಇಟ್ಟ.

"ದೊರೆಗಳೇ, ತಮ್ಮ ಹಡಗು ಇದರಲ್ಲಿದೆ."

ಪೆಟ್ಟಿಗೆಯಲ್ಲಿ ಬೂದು ಬಣ್ಣದ ಚೌಕಟ್ಟುಗಳಿದ್ದವು. ಕಡ್ಡಿಕಡ್ಡಿಗೆ ಕಾಯಿ ಬಿಟ್ಟಂತೆ ಸಣ್ಣಸಣ್ಣ ತುಂಡುಗಳು ಅಂಟಿಕೊಂಡಿದ್ದವು: ಬೆರಳುದ್ದದ ಕಂಬ, ಕಡಲೆಕಾಳಿನಷ್ಟು ಲಂಗರು, ಹುಲ್ಲುಕಡ್ಡಿಯಂಥ ಫಿರಂಗಿ. ಅದು ಮರವಲ್ಲ, ಮೂಳೆಯಲ್ಲ, ಕೊಂಬೂ ಅಲ್ಲ. ನಾವಾಗಿದ್ದರೆ ಪ್ಲಾಸ್ಟಿಕ್ ಎನ್ನುತ್ತಿದ್ದೆವು. ಆ ರಾಜ್ಯದಲ್ಲಿ ಆ ಮಾತು ಇರಲಿಲ್ಲವಾದ್ದರಿಂದ ಬೂದಿಮೇಣ ಎಂದರು. ಕೊನೆಯ ಚೌಕಟ್ಟಿನಲ್ಲಿ ಭತ್ತದ ಕಾಳಿನಷ್ಟಿದ್ದ ಮುನ್ನೂರು ಮನುಷ್ಯರಿದ್ದರು. ಎಲ್ಲರ ಬಾಯಿಯೂ ಸ್ವಲ್ಪ ತೆರೆದಿತ್ತು.

"ಇದನ್ನು ಜೋಡಿಸಬೇಕು. ಒಂದು ತಿಂಗಳ ಗಡುವು," ಎಂದ ಗುಳಿಗಣ್ಣ. "ಹಡಗು ತನ್ನನ್ನು ತಾನು ಗುರುತು ಹಿಡಿದರೆ ಹಡಗೂ ನಿಮ್ಮದು, ಜನರೂ ನಿಮ್ಮವರು. ಹಿಡಿಯದಿದ್ದರೆ ಜೋಡಿಸಿದವರೂ ನನ್ನವರು. ಮೂರು ಸಲ ಅವಕಾಶ. ಮೂರನೆಯದೂ ತಪ್ಪಿದರೆ ಇವರು ಶಾಶ್ವತವಾಗಿ ಹೀಗೆಯೇ." ಹೋಗುವಾಗ ಹಡಗಿನ ಒಂದು ನಕ್ಷೆಯನ್ನೂ ಕೊಟ್ಟುಹೋದ. ಚಿತ್ರದಲ್ಲಿ ಕಡಲಭೈರವಿ ಮದುಮಗಳಂತೆ ಹೊಳೆಯುತ್ತಿತ್ತು.

ಮೊದಲು ಅರಮನೆಯ ಅಕ್ಕಸಾಲಿ ಕೂತ. ನಕ್ಷೆಯಲ್ಲಿದ್ದಂತೆಯೇ, ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಜೋಡಿಸಿದ. ಗುಳಿಗಣ್ಣ ಬಂದು ಅದರ ಮೇಲೆ ಉಸಿರು ಬಿಟ್ಟ. ಹಡಗು ಕಳಚಿಬಿದ್ದಿತು, ತುಂಡುಗಳು ತಮ್ಮಷ್ಟಕ್ಕೆ ಚೌಕಟ್ಟಿಗೆ ಹೋಗಿ ಅಂಟಿಕೊಂಡವು. ಅಕ್ಕಸಾಲಿ ಕೂತಿದ್ದ ಮಣೆ ಖಾಲಿಯಾಗಿತ್ತು, ಕೊನೆಯ ಚೌಕಟ್ಟಿನಲ್ಲಿ ಒಂದು ಕಾಳು ಹೆಚ್ಚಾಗಿತ್ತು. ಎರಡನೆಯ ತಿಂಗಳು ಶಿಲ್ಪಿ ಕೂತ. ಅವನು ಇನ್ನೂ ಚೆಂದ ಮಾಡಿದ. ಅವನ ಮಣೆಯೂ ಖಾಲಿಯಾಯಿತು.

ಮೂರನೆಯ ಸಲಕ್ಕೆ ಯಾರೂ ಮುಂದೆ ಬರಲಿಲ್ಲ. ಆಗ ಕೇದಗೆ ಅರಮನೆಗೆ ಹೋದಳು.

"ನೀನು ಶಿಲ್ಪಿಯೇನಮ್ಮ?" ರಾಜ ಕೇಳಿದ.

ಅವಳು ಪಕ್ಕದ ಕಂಬವನ್ನು ಕೆರೆದಳು. "ಅಲ್ಲ."

"ಅಕ್ಕಸಾಲಿಯೇ?"

ಇನ್ನೊಂದಿಷ್ಟು ಕೆರೆದಳು. "ಅಲ್ಲ."

"ಮತ್ತೆ ಯಾರು? ಕಂಬದ ಚಿನ್ನ ಉಳಿಸಿ ಮಾತಾಡು ತಾಯೀ."

"ತುಕ್ಕು ಕೆರೆಯುವವಳು, ಪ್ರಭು. ಅಕ್ಕಸಾಲಿಯವರೂ ಶಿಲ್ಪಿಯವರೂ ಹಡಗನ್ನು ದೂರದಿಂದ ನೋಡಿದವರು. ನಾನು ಅದಕ್ಕೆ ಮೂಗು ತಾಗಿಸಿ ನೋಡಿದ್ದೇನೆ. ನಕ್ಷೆಯಲ್ಲಿ ಇರುವುದು ಅದರ ಹುಟ್ಟಿದ ದಿನದ ಮುಖ. ಈಗ ಆ ಮುಖ ತೋರಿಸಿದರೆ ಅದಕ್ಕೆ ತನ್ನ ಗುರುತು ಹೇಗೆ ಹತ್ತೀತು?"

ಅವಳ ಜೀವಮಾನದಲ್ಲಿ ಅದೇ ಅತಿ ಉದ್ದದ ಮಾತು. ರಾಜ ಪೆಟ್ಟಿಗೆ ಕೊಟ್ಟ.

ಅವಳು ತನ್ನ ಮನೆಯಲ್ಲಿ, ಕಿಟಕಿಯ ಬೆಳಕಿಗೆ ಕೂತಳು. ತುಂಡನ್ನು ಕಡ್ಡಿಯಿಂದ ಕತ್ತರಿಸುವುದು, ಕತ್ತರಿಸಿದಲ್ಲಿ ಉಳಿದ ಗುಳ್ಳೆಯನ್ನು ಒರಟು ಮೀನುಚರ್ಮದಿಂದ ಉಜ್ಜುವುದು, ಚಿಮಟದಲ್ಲಿ ಹಿಡಿದು ಅಂಟಿಸುವುದು. ಮೊದಲ ವಾರ ಒಂದು ವಿಚಿತ್ರ ನಡೆಯಿತು. ಚಿಮಟದಿಂದ ಜಾರಿದ ತುಂಡು ಟಕ್ಕೆಂದು ಹಾರುತ್ತಿತ್ತು, ನೆಲಕ್ಕೆ ಬೀಳುವ ಸದ್ದು ಮಾತ್ರ ಕೇಳುತ್ತಿರಲಿಲ್ಲ. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಒಂದು ಹಲ್ಲಿ. ಅದರ ಬಾಯಲ್ಲಿ ಮನುಷ್ಯರ ಹಲ್ಲುಗಳಿದ್ದವು.

"ಏಳು ತುಂಡು ನುಂಗಿದೆ," ಎಂದಿತು ಹಲ್ಲಿ. "ಇನ್ನೂ ಹಸಿವು."

ಕೇದಗೆ ಮೇಜನ್ನು ಕೆರೆದಳು. ಒಂದು ಬೇಡದ ಕಡ್ಡಿಚೂರಿಗೆ ಸುತ್ತಲೂ ಅಂಟು ಬಳಿದು, ಬೇಕೆಂದೇ ಹಾರಿಸಿದಳು. ಹಲ್ಲಿ ಕಚ್ಚಿತು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕಚ್ಚಿಕೊಂಡಿತು.

"ಬಿಡಿಸಲೇ?" ಎಂದಳು. ಹಲ್ಲಿ ತಲೆಯಾಡಿಸಿತು. ಬಿಸಿನೀರು ಹಾಕಿ ಬಿಡಿಸಿದಳು. ಅದು ಏಳು ತುಂಡುಗಳನ್ನೂ ಕಕ್ಕಿ ಬಿರುಕಿನೊಳಗೆ ಹೋಯಿತು.

ಹಡಗಿನ ಮೈ ಮುಚ್ಚಿಕೊಂಡ ದಿನದಿಂದ ಒಳಗಿನಿಂದ ಸದ್ದು ಬರತೊಡಗಿತು. ನಡುಹಗಲಿಗೆ ಸರಿಯಾಗಿ, ಟಕ್, ಟಕ್, ಟಕ್. ಸಣ್ಣ ಸುತ್ತಿಗೆಯಂತೆ. ಅವಳು ಕಿವಿಯಿಟ್ಟರೆ ನಿಲ್ಲುತ್ತಿತ್ತು.

ಎರಡನೆಯ ವಾರ ಹಗ್ಗಗಳ ಕೆಲಸ. ಪೆಟ್ಟಿಗೆಯಲ್ಲಿ ಹಗ್ಗವೇ ಇರಲಿಲ್ಲ. ಮನೆಯ ಕಂಬದಿಂದ ಒಂದು ಜೇಡ ಇಳಿದುಬಂತು. ಅದರ ಬೆನ್ನ ಮೇಲೆ ಮುದುಕಿಯೊಬ್ಬಳ ಮುಖವಿತ್ತು.

"ಯಾಕೆ ಕಷ್ಟಪಡ್ತೀಯ ತಂಗೀ? ನನ್ನ ನೂಲು ತಗೋ. ಅಕ್ಕಸಾಲಿಯೂ ತಗೊಂಡ, ಶಿಲ್ಪಿಯೂ ತಗೊಂಡ. ಎಷ್ಟು ನಯ ನೋಡು."

ಕೇದಗೆ ನೋಡಿದಳು. ನೂಲು ನಯವಾಗಿಯೇ ಇತ್ತು. ಆದರೆ ಅದು ತಾನಾಗಿಯೇ ಮೆಲ್ಲಗೆ ಬಿಗಿಯಾಗುತ್ತಿತ್ತು. ಆಚೆ ಈಚೆ ತಾಗಿದ್ದ ಎರಡು ಕಡ್ಡಿಗಳು ಬಾಗುತ್ತಿದ್ದವು.

"ಬೇಡಜ್ಜೀ. ನನಗೆ ಬೆರಳು ಸುಟ್ಟುಕೊಂಡೇ ಅಭ್ಯಾಸ."

ಉಳಿದ ಕಡ್ಡಿಗಳನ್ನು ದೀಪದ ಮೇಲೆ ಹಿಡಿದಳು. ಬೂದಿಮೇಣ ಮೆತ್ತಗಾಗಿ ಹೊಳೆದಾಗ ಎರಡೂ ತುದಿ ಹಿಡಿದು ಎಳೆದಳು. ಕಡ್ಡಿ ಕೂದಲಿನಂತೆ ಸಪೂರವಾಗಿ ಮೊಳದುದ್ದ ಬಂತು. ಬೇಗ ಎಳೆದರೆ ತುಂಡಾಗುತ್ತದೆ, ನಿಧಾನಿಸಿದರೆ ಜೋಲುತ್ತದೆ. ನೂರಾ ಹನ್ನೆರಡು ಹಗ್ಗ ಎಳೆದಳು. ಜೇಡ ಕಂಬಕ್ಕೆ ವಾಪಸ್ಸು ಹೋಗಿ ಮುಖ ತಿರುಗಿಸಿ ಕೂತಿತು.

ಆಮೇಲೆ ನಾವಿಕರನ್ನು ನಿಲ್ಲಿಸಿದಳು. ಒಬ್ಬೊಬ್ಬನ ಕಾಲಡಿಯಲ್ಲೂ ಒಂದೊಂದು ಆಕಾರದ ಮೊಳೆ. ಹಡಗಿನ ಅಟ್ಟದ ಮೇಲೆ ಅದಕ್ಕೆ ಹೊಂದುವ ಒಂದೇ ತೂತು. ಅಕ್ಕಸಾಲಿಗೂ ಶಿಲ್ಪಿಗೂ ಮೊಳೆ ಇರಲಿಲ್ಲ. ಅವರನ್ನು ಬಟ್ಟಲಲ್ಲಿ ಹತ್ತಿಯ ಮೇಲೆ ಮಲಗಿಸಿದಳು. ದುಗ್ಗಣ್ಣನನ್ನು ಮೂರನೆಯ ಫಿರಂಗಿಯ ಹತ್ತಿರ ನಿಲ್ಲಿಸಿದಳು. ಎಲ್ಲರೂ ಕಡಲಿನ ಕಡೆ ನೋಡುವಂತೆ ನಿಲ್ಲಿಸಿದ್ದಳು. ಮರುದಿನ ಬಂದು ನೋಡಿದರೆ ಮುನ್ನೂರು ಮುಖಗಳೂ ಅವಳ ಕಡೆ ತಿರುಗಿದ್ದವು.

ಮೂರನೆಯ ವಾರ ಬಣ್ಣ. ನಕ್ಷೆಯನ್ನು ಅವಳು ಮಡಚಿ ಒಲೆಗೆ ಹಾಕಿದಳು. ಕಣ್ಣು ಮುಚ್ಚಿ, ಹಗ್ಗಕ್ಕೆ ಜೋತುಬಿದ್ದಂತೆ ನೆನಪಿನಲ್ಲಿ ಹಡಗಿನ ಮೈಯುದ್ದಕ್ಕೂ ಇಳಿದಳು. ಲಂಗರಿನ ಕಂಡಿಯ ಕೆಳಗೆ ಕಣ್ಣೀರಿನಂತೆ ಇಳಿದ ತುಕ್ಕಿನ ಗೆರೆ. ಎಡಬದಿಯಲ್ಲಿ ಬಂಡೆಗೆ ತಾಗಿದ ತಗ್ಗು. ಹಳೆಯ ದೋಣಿಯಿಂದ ಕಿತ್ತು ಹಾಕಿದ, ಬಣ್ಣ ಬೇರೆಯಾದ ತೇಪೆತಗಡು. ಪೂರ್ತಿ ಮುಚ್ಚದ ಐದನೆಯ ಫಿರಂಗಿ ಕಂಡಿ. ನಡುಕಂಬದ ಬುಡದಲ್ಲಿ ದುಗ್ಗಣ್ಣ ಒಮ್ಮೆ ಚೆಲ್ಲಿ, ಬೈಸಿಕೊಂಡಿದ್ದ ಕೆಂಪು ಬಣ್ಣ. ಒಂದೊಂದನ್ನೂ ಮೂರು ಕೂದಲಿನ ಕುಂಚದಿಂದ ಬರೆದಳು.

ಆದರೆ ಬರೆದದ್ದು ಉಳಿಯುತ್ತಿರಲಿಲ್ಲ. ಅವಳು ಊಟಕ್ಕೆ ಎದ್ದರೆ ಬಿಳಿ ಬೆಕ್ಕೊಂದು ಕಿಟಕಿಯಿಂದ ಬಂದು ತುಕ್ಕನ್ನೆಲ್ಲ ನೆಕ್ಕಿ ಹಡಗನ್ನು ಹೊಸದು ಮಾಡಿಬಿಡುತ್ತಿತ್ತು. ಅದಕ್ಕೆ ನೆರಳು ಇರಲಿಲ್ಲ.

"ಕೊಳಕು ನನಗೆ ಆಗುವುದಿಲ್ಲ," ಎಂದಿತು ಬೆಕ್ಕು, ಮೀಸೆ ಒರೆಸಿಕೊಳ್ಳುತ್ತ.

ಕೇದಗೆ ಹಾಗಲಕಾಯಿ ಜಜ್ಜಿ ರಸ ತೆಗೆದಳು. ಬಂದರಿನ ಹಳೆಯ ಸರಪಳಿಯಿಂದ ಕೆರೆದು ತಂದ ನಿಜವಾದ ತುಕ್ಕನ್ನು ಅದರಲ್ಲಿ ಕಲಸಿ ಮತ್ತೆ ಬರೆದಳು. ಬೆಕ್ಕು ಒಮ್ಮೆ ನೆಕ್ಕಿತು. ಮುಖ ಹಿಂಡಿಕೊಂಡು, ಮನುಷ್ಯರ ಧ್ವನಿಯಲ್ಲಿ "ಥೂ!" ಎಂದು ಕಿಟಕಿಯಿಂದ ಹಾರಿತು. ಮತ್ತೆ ಬರಲಿಲ್ಲ.

ಗಡುವಿನ ಕೊನೆಯ ಮಧ್ಯಾಹ್ನ ಗುಳಿಗಣ್ಣ ಬಂದ. ಹಡಗನ್ನು ನೋಡಿದ. ಬಹಳ ಹೊತ್ತು ನೋಡಿದ. ಅದೇ ತುಕ್ಕು, ಅದೇ ತಗ್ಗು; ಈ ಸಲ ಹಡಗು ಗುರುತು ಹಿಡಿಯುವುದು ಖಂಡಿತ. ಕೈಚಾಚಿ, ಮೂರನೆಯ ಫಿರಂಗಿಯ ಹತ್ತಿರವಿದ್ದ ಭತ್ತದ ಕಾಳನ್ನು ಚಿವುಟಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ.

"ಅಯ್ಯೋ, ಒಂದು ತೂತು ಖಾಲಿ ಇದೆಯಲ್ಲ ಮಗಳೇ? ಖಾಲಿ ಇದ್ದರೆ ಹಡಗು ಪೂರ್ತಿ ಆದ ಹಾಗಲ್ಲ."

"ಅದು ನನ್ನ ಅಣ್ಣ. ಕೊಡಿ ಅಜ್ಜಾ."

"ಸೂರ್ಯ ಮುಳುಗುವವರೆಗೆ ಸಮಯವಿದೆ. ಯಾರನ್ನಾದರೂ ನಿಲ್ಲಿಸು. ಆ ತೂತಿಗೆ ಇಳಿದವನು ಹಡಗಿನವನು. ಅಷ್ಟೇ ನನ್ನ ಕಟ್ಟಳೆ." ಅವನು ಎದುರಿಗೆ ಕುರ್ಚಿ ಎಳೆದು ಕೂತ.

ಕೇದಗೆ ಹುಟ್ಟಿದಾರಭ್ಯ ಯಾರ ಮುಖವನ್ನೂ ನೇರ ನೋಡಿದವಳಲ್ಲ. ಅವತ್ತು ನೋಡಿದಳು. ಉಳಿದಿದ್ದ ಒಂದು ಕಡ್ಡಿಚೂರನ್ನು ಚಿಮಟಕ್ಕೆ ಸಿಕ್ಕಿಸಿ, ಸೂಜಿಮೊನೆಯಿಂದ ಕೆತ್ತುತ್ತ, ನಡುನಡುವೆ ತಲೆಯೆತ್ತಿ ನೋಡಿದಳು.

"ಅಣ್ಣನನ್ನು ಕೆತ್ತುತ್ತಿದ್ದೀಯಾ?" ಅವನು ನಕ್ಕ. "ಕೆತ್ತು, ಕೆತ್ತು. ಕಣ್ಣು ಒದ್ದೆ ಮಾಡಿಕೊಳ್ಳಬೇಡ, ಸೂಜಿ ಕಾಣಿಸುವುದಿಲ್ಲ."

ಅವಳು ಸೂಜಿ ತಿರುಗಿಸಿದಳು. ಎಡಭುಜ ಬಲಕ್ಕಿಂತ ಒಂದು ಎಳೆ ಎತ್ತರ. ಬಲಗಿವಿಯ ಹಾಲೆ ಹರಿದದ್ದು. ಕೂತಲ್ಲೂ ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು. ಕಾಲಡಿಗೆ, ಆ ಖಾಲಿ ತೂತಿನ ಆಕಾರದ್ದೇ ಮೊಳೆ. ಬೆಳಕು ಕೆಂಪಾಗತೊಡಗಿತು. ಕೊನೆಗೆ ಸೂಜಿಯಿಂದ ಎರಡು ಚುಕ್ಕಿ ಕೊರೆದಳು, ಆಳಕ್ಕೆ, ಇನ್ನೂ ಆಳಕ್ಕೆ, ಒಳಗೆ ಏನಿದೆಯೆಂದು ಕಾಣದಷ್ಟು ಆಳಕ್ಕೆ.

ಗುಳಿಗಣ್ಣ ಕುರ್ಚಿಯಿಂದ ಎದ್ದ. "ಅದು ಯಾರು?" ಎಂದ. "ಏಯ್! ಅದು ಯಾರು, ತೋರಿಸು!"

ಅವಳು ಕಾಳನ್ನು ತೂತಿಗೆ ಇಳಿಸಿದಳು. ಮೊಳೆ ಕಚ್ಚಿಕೊಂಡ ಸದ್ದು ಕೋಣೆಯೆಲ್ಲ ಕೇಳಿತು.

ಹಡಗು ಉಸಿರೆಳೆಯಿತು. ತುಕ್ಕಿನ ಗೆರೆಯಿಂದ ಒಂದು ಹನಿ ಉಪ್ಪುನೀರು ಇಳಿದು ಮೇಜಿನ ಮೇಲೆ ಬಿದ್ದಿತು. ಗುಳಿಗಣ್ಣ ಕೋಣೆಯಲ್ಲಿರಲಿಲ್ಲ. ಅವನು ನಿಂತಿದ್ದಲ್ಲಿ, ನೆಲದ ಮೇಲೆ, ಆರಡಿ ಎತ್ತರದ ದುಗ್ಗಣ್ಣ ಕೂತು ಕೆಮ್ಮುತ್ತಿದ್ದ.

"ಕೇದೀ," ಎಂದ, ಉಸಿರು ಸಿಕ್ಕಿದ ಮೇಲೆ. "ಆ ಕೆಂಪು ಬಣ್ಣ ಚೆಲ್ಲಿದ್ದನ್ನೂ ಬರೆಯಬೇಕಿತ್ತೇನೇ? ಮುನ್ನೂರು ಜನರ ಎದುರಿಗೆ ಮಾನ ತೆಗೆದೆಯಲ್ಲ."

ಅವಳು ನಗಲು ಹೋಗಿ ಅತ್ತುಬಿಟ್ಟಳು.

ಬಂದರಿನಲ್ಲಿ ನಿಜವಾದ ಕಡಲಭೈರವಿ ನಿಂತಿತ್ತು, ಲಂಗರಿನ ಕೆಳಗೆ ತುಕ್ಕು ಇಳಿಸಿಕೊಂಡು. ಇನ್ನೂರ ತೊಂಬತ್ತೊಂಬತ್ತು ಜನ ಕೂಗುತ್ತ ದಡಕ್ಕೆ ಹಾರಿದರು. ಬಟ್ಟಲಿನಿಂದ ಎದ್ದ ಅಕ್ಕಸಾಲಿಯೂ ಶಿಲ್ಪಿಯೂ ಮೈಗೆ ಅಂಟಿದ ಹತ್ತಿ ಕೊಡವಿಕೊಂಡು ಮನೆಗೆ ಹೋದರು. ಕಡಲಿನ ಮೇಲೆ ಮತ್ತೆ ಅಂಥ ಮಂಜು ಬೀಳಲಿಲ್ಲ. ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ದುಗ್ಗಣ್ಣ ಮದುವೆಯಾಗಿ ಸುಖವಾಗಿದ್ದ.

ಮೊಳದುದ್ದದ ಆ ಬೂದಿಮೇಣದ ಹಡಗು ಮಾತ್ರ ಕೇದಗೆಯ ಮನೆಯ ಗೂಡಿನಲ್ಲಿ ಉಳಿಯಿತು. ಅದರ ಮೇಲೆ ಒಬ್ಬನೇ ಒಬ್ಬ ನಿಂತಿದ್ದ. ಮೊದಲ ವರ್ಷ ಅವನು ಬೆದರಿಸುತ್ತಿದ್ದ: "ಬಿಡಿಸು, ಇಲ್ಲದಿದ್ದರೆ ನಿನ್ನ ವಂಶ ನಿರ್ವಂಶ ಮಾಡುತ್ತೇನೆ." ಎರಡನೆಯ ವರ್ಷ ಆಸೆ ತೋರಿಸುತ್ತಿದ್ದ: "ಒಂದು ಏಣಿ ಇಡು ಸಾಕು, ಏಳು ದ್ವೀಪ ನಿನ್ನದು." ಅವಳು ಕೇಳದವಳಂತೆ ಮೆತ್ತನೆಯ ಕುಂಚದಿಂದ ಹಡಗಿನ ಧೂಳು ಒರೆಸಿ ಹೋಗುತ್ತಿದ್ದಳು.

ಮೂರನೆಯ ವರ್ಷದ ಒಂದು ಮಧ್ಯಾಹ್ನ ಅವಳು ಧೂಳು ಒರೆಸುತ್ತಿದ್ದಾಗ ದನಿ ಬಹಳ ಸಣ್ಣಗೆ ಬಂತು. ಬೆದರಿಕೆಯಿಲ್ಲ, ಆಸೆಯಿಲ್ಲ. ಅವಳ ಕುಂಚ ನಡುಕಂಬದ ಹತ್ತಿರ ನಿಂತಿತು.

"ಏಣಿ ಬೇಡ ಮಗಳೇ. ಇಲ್ಲಿ ಒಳಗಡೆ ದಿನಾ ನಡುಹಗಲಿಗೆ ಯಾರೋ ಸುತ್ತಿಗೆ ಬಡಿಯುತ್ತಾರೆ, ಟಕ್, ಟಕ್, ಟಕ್. ಎಲ್ಲರೂ ಹೋದರಲ್ಲ, ಮತ್ತೆ ಯಾರು? ನನಗೆ ಕಾಣಿಸುವುದಿಲ್ಲ. ಈ ಕಂಬಕ್ಕೆ ಒಂದು ಸಣ್ಣ ದೀಪ ಅಂಟಿಸಿಕೊಡುತ್ತೀಯಾ?"