ಸೊಟ್ಟ ಎಲೆಯ ಹಚ್ಚೆ

ನಮ್ಮ ಅಜ್ಜನ ಅಜ್ಜನಿಗೆ ಇನ್ನೂ ಹಾಲುಹಲ್ಲು ಬಾರದಿದ್ದ ಕಾಲದಲ್ಲಿ, ಏಳು ಬೆಟ್ಟಗಳಾಚೆ ಸಂಪಿಗೆಪುರವೆಂಬ ರಾಜ್ಯವಿತ್ತು. ಎಂಟು ಬೆಟ್ಟ ಎನ್ನುವವರೂ ಇದ್ದಾರೆ. ಅವರು ದಾರಿ ತಪ್ಪಿ ಒಂದೇ ಬೆಟ್ಟವನ್ನು ಎರಡು ಸಲ ಹತ್ತಿದವರು. ಆ ರಾಜ್ಯದ ರಾಜಕುಮಾರ ಮಕರಂದ. ಹುಲಿಯ ಮೀಸೆ ಹಿಡಿದು ಎಳೆದವನು, ಮದವೇರಿದ ಆನೆಯನ್ನು ಗದರಿಸಿ ಕೂರಿಸಿದವನು. ಆದರೆ ಸೂಜಿ ಕಂಡರೆ ಕಂಬದ ಹಿಂದೆ ಅಡಗುತ್ತಿದ್ದ. ಅವನು ಎದುರು ಬಂದಾಗಲೆಲ್ಲ ಅರಮನೆಯ ದರ್ಜಿ ಸೂಜಿಯನ್ನು ಬಾಯಲ್ಲಿ ಅಡಗಿಸಿಕೊಳ್ಳುತ್ತಿದ್ದ. ದರ್ಜಿ ಮಾತಾಡಿದ್ದನ್ನು ಆ ಅರಮನೆಯಲ್ಲಿ ಯಾರೂ ಕೇಳಿಲ್ಲ.

ಸಂಪಿಗೆಪುರದಲ್ಲಿ ಒಂದು ಪದ್ಧತಿ. ಮದುವೆಯಾದ ಒಂಬತ್ತನೆಯ ದಿನ ಗಂಡ ಹೆಂಡತಿ ಅಕ್ಕಪಕ್ಕ ಕೂತು, ಮುಂಗೈ ಮೇಲೆ ಒಂದೇ ಥರದ ಮಲ್ಲಿಗೆ ಬಳ್ಳಿಯ ಹಚ್ಚೆ ಹಾಕಿಸಿಕೊಳ್ಳಬೇಕು. ಮಕರಂದನ ಹೆಂಡತಿ ಹೊನ್ನಾಂಬೆ ಚಿಕ್ಕಂದಿನಿಂದ ಆ ದಿನಕ್ಕೆ ಕಾದವಳು. ಅವಳೆದುರು "ನನಗೆ ಹೆದರಿಕೆ" ಎನ್ನಲು ಮಕರಂದನಿಗೆ ನಾಲಗೆ ಏಳಲಿಲ್ಲ. ಎಂಟನೆಯ ದಿನ ಯಾರಿಗೂ ಹೇಳದೆ ಸಂತೆಗೆ ಹೋದ.

ಸಂತೆಯಲ್ಲಿ ಧೂಮಕಾಲನೆಂಬ ಮಾಂತ್ರಿಕ ಚಿನ್ನದ ಸೂಜಿ ಹಿಡಿದು ಕೂತಿದ್ದ. ಸೊಂಟದಲ್ಲಿ ಬಿರಡೆ ಬಿಗಿದ ಒಂದು ಬಿದಿರಿನ ಕೊಳವೆ. ನೋವಿಲ್ಲ, ರಕ್ತವಿಲ್ಲ, ಕಾಯುವುದಿಲ್ಲ, ಕಾಸೂ ಬೇಡ ಎಂದು ಕೂಗುತ್ತಿದ್ದ. ಮಕರಂದ ಕೈ ಚಾಚಿದ, ಕಣ್ಣು ಮುಚ್ಚಿದ. ತೆರೆಯುವಷ್ಟರಲ್ಲಿ ಮುಂಗೈ ಮೇಲೆ ಬಳ್ಳಿ ಮೂಡಿತ್ತು. ಇಷ್ಟೇನಾ ಎಂದು ಹಾಡು ಗುನುಗುತ್ತ ಮನೆಗೆ ಹೊರಟ.

ಅರಮನೆಯ ಬಾಗಿಲು ತಲುಪುವಾಗ ಬಳ್ಳಿಯ ತುದಿಯ ಮೊಗ್ಗು ಕಣ್ಣು ಬಿಟ್ಟಿತು. ಮೆಟ್ಟಿಲು ಹತ್ತುವಾಗ ನಾಲಗೆ ಚಾಚಿತು. ಅದು ಬಳ್ಳಿಯಲ್ಲ, ಹಾವು. ತೊಗಲಿನೊಳಗೇ ಸರಿಯುತ್ತ ಮೊಣಕೈಯತ್ತ ಹೊರಟಿತ್ತು. ಹಾವು ಕುತ್ತಿಗೆಗೆ ಸುತ್ತಿಕೊಂಡರೆ ಮನುಷ್ಯ ಮಾಂತ್ರಿಕನ ಆಳಾಗಿಬಿಡುತ್ತಾನೆ: ಅಂಥ ನಲವತ್ತು ಜನ ಆಗಲೇ ಬಾಯಿ ಮುಚ್ಚಿಕೊಂಡು, ಮನೆಮಠ ಮರೆತು, ಧೂಮಕಾಲನ ಹಿಂದೆ ಮೂಟೆ ಹೊತ್ತು ನಡೆಯುತ್ತಿದ್ದರು. ಅವರಿಗೆ ಏನು ಕುಡಿಸಿದ್ದಾನೋ ಎಂದು ಊರು ಮಾತಾಡುತ್ತಿತ್ತು. ಹಚ್ಚೆಯ ಕೆಲಸವೆಂದು ಯಾರಿಗೂ ಹೊಳೆದಿರಲಿಲ್ಲ.

ಹೊನ್ನಾಂಬೆ ಅವನ ಕೈ ನೋಡಿದಳು, ಮುಖ ನೋಡಿದಳು.

"ಹೆದರಿಕೆ ಅಂತ ಒಂದು ಮಾತು ಹೇಳಬಾರದಿತ್ತೇ? ನಾನು ಹಲ್ಲಿ ಕಂಡರೆ ಮಂಚ ಹತ್ತುತ್ತೇನೆ. ಮೊದಲ ದಿನವೇ ನಿಮಗೆ ಹೇಳಲಿಲ್ಲವೇ?"

ಅಷ್ಟು ಹೇಳಿ, ಅವನನ್ನು ಎಳೆದುಕೊಂಡು ಊರಾಚೆಯ ಹುಣಸೆಮರಕ್ಕೆ ನಡೆದಳು. ಅಲ್ಲಿ ಹಚ್ಚೆ ಕೆಂಚವ್ವನ ಗುಡಿಸಲು. ಸಂಪಿಗೆಪುರದ ಅರ್ಧ ಜನರ ಕೈಮೇಲೆ ಅವಳ ಕೆಲಸವಿತ್ತು. ಉಳಿದರ್ಧ ಜನರ ಕೈಮೇಲೆ ಅವಳ ಅಮ್ಮನದು.

ಕೆಂಚವ್ವ ಹಾವನ್ನು ನೋಡಲೇ ಇಲ್ಲ. ಊಟ ಆಯಿತೇ ಎಂದು ಕೇಳಿದಳು. ಇಲ್ಲವೆಂದಾಗ ರಾಗಿ ರೊಟ್ಟಿ, ಬೆಲ್ಲ ಮುಂದಿಟ್ಟಳು. ಹಸಿದವನಿಗೆ ಸೂಜಿ ತೋರಿಸಿದರೆ ತಲೆ ಸುತ್ತಿ ಬೀಳುತ್ತಾನೆ, ಅದೂ ತನ್ನ ಮೇಲೇ ಬೀಳುತ್ತಾನೆ ಎಂದು ಅವಳ ಅನುಭವ.

"ಇದನ್ನು ಕೆರೆದು ತೆಗೆದುಬಿಡು ಅವ್ವಾ" ಎಂದ ಮಕರಂದ, ರೊಟ್ಟಿ ಅಗಿಯುತ್ತ.

"ಕೆರೆದರೆ ತೊಗಲು ಹೋಗುತ್ತೆ, ಹಾವು ಉಳಿಯುತ್ತೆ. ಹಚ್ಚೆ ಅಳಿಸೋಕೆ ಬರಲ್ಲ ದೊರೆಮಗನೇ, ಬೆಳೆಸೋಕೆ ಬರುತ್ತೆ. ಅದಿರಲಿ, ಕೈ ಕೊಡೋ ಮೊದಲು ಅವನ ಹಳೇ ಕೆಲಸ ತೋರಿಸು ಅಂತ ಕೇಳಿದೆಯಾ?"

ಕೇಳಿರಲಿಲ್ಲ. ಕೆಂಚವ್ವ ತನ್ನ ತೋಳು ಚಾಚಿದಳು. ಅರವತ್ತು ವರ್ಷದ ಗಿಳಿ. ಬಣ್ಣ ಮಾಸಿತ್ತು, ರೆಕ್ಕೆ ಸುಕ್ಕಾಗಿತ್ತು, ಕೊಕ್ಕು ಮಾತ್ರ ನಿನ್ನೆ ಬರೆದಂತಿತ್ತು. ಹೊಸ ಹಚ್ಚೆ ಎಲ್ಲರದೂ ಚಂದವೇ, ನೋಡಬೇಕಾದದ್ದು ಹಳೆಯದನ್ನು ಎಂದಳು. ಆಮೇಲೆ ಗುಟ್ಟು ಹೇಳಿದಳು: ಧೂಮಕಾಲ ಕದ್ದದ್ದು ನೋವನ್ನು. ಚುಚ್ಚಿದ ನೋವನ್ನೆಲ್ಲ ಆ ಕೊಳವೆಗೆ ತುಂಬಿಕೊಳ್ಳುತ್ತಾನೆ. ನೋವು ಯಾರ ಬಳಿಯೋ ಹಚ್ಚೆ ಅವರ ಮಾತು ಕೇಳುತ್ತದೆ. ಹಾವಿನ ಮೇಲೇ ಮತ್ತೆ ಬಳ್ಳಿ ಚುಚ್ಚಬೇಕು, ಆ ನೋವನ್ನು ಮಕರಂದನೇ ಉಣ್ಣಬೇಕು. ಏಳು ದಿನಕ್ಕೆ ಹಕ್ಕಳೆ ತಾನಾಗಿ ಉದುರಬೇಕು. ಅದಕ್ಕೆ ಮೊದಲು ಒಂದು ಚೂರು ಕಿತ್ತರೂ ಆ ಸಂದಿನಿಂದ ಹಾವು ನುಣುಚಿ ನೇರ ಕುತ್ತಿಗೆಗೆ ಹೋಗುತ್ತದೆ.

ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಸೂಜಿಗಳನ್ನು ಕಾಯಿಸಿ, ಕೆಂಚವ್ವ ಶುರುಮಾಡಿದಳು. ಹಾವಿನ ಬೆನ್ನು ಬಳ್ಳಿಯ ದಂಟಾಯಿತು, ಹುರುಪೆಗಳು ಎಲೆಗಳಾದವು, ಹೆಡೆ ಅರಳಿದ ಹೂವಾಯಿತು. ಮಕರಂದನ ಕೂಗಿಗೆ ಹುಣಸೆಮರದ ಕಾಯೆಲ್ಲ ಉದುರಿ ಊರಿಗೆ ಎರಡು ವರ್ಷದ ಸಾರಿಗಾಯಿತು. ಆದರೂ ಹೊನ್ನಾಂಬೆಯ ಕೈ ಹಿಡಿದು ಕೂತೇ ಇದ್ದ. ಐದನೆಯ ಎಲೆಗೆ ಒಮ್ಮೆ ಬೆಚ್ಚಿದ. ಆ ಎಲೆ ಸೊಟ್ಟಗಾಯಿತು. ಆಮೇಲೆ ಹೊನ್ನಾಂಬೆಯ ಸರದಿ. ಅದನ್ನು ನೋಡಲಾರದೆ ಅವನು ಮುಖ ತಿರುಗಿಸಿದ. ಅವಳು ಕೆಂಚವ್ವನ ಕಿವಿಯಲ್ಲಿ ಏನೋ ಹೇಳಿ, ಹಾಕಿಸಿಕೊಂಡು, ಅರಿಸಿನದ ಬಟ್ಟೆ ಸುತ್ತಿಕೊಂಡಳು. ಏಳು ದಿನವೂ ಇಬ್ಬರೂ ಅಲ್ಲೇ ಉಳಿದರು.

ಸುದ್ದಿ ಮುಟ್ಟಿದ್ದೇ ಧೂಮಕಾಲ ತನ್ನ ಮಾಯಾಮೃಗಗಳನ್ನು ಕಳಿಸಿದ.

ಎರಡನೆಯ ದಿನ ಕೈ ತುರಿಸತೊಡಗಿತು. ಒಂದು ಕರಡಿ ಬಂದು ಪಕ್ಕದಲ್ಲಿ ಕೂತಿತು. ಅದರ ಉಗುರು ಬೆಳ್ಳಿಯ ಬಾಚಣಿಗೆಯಂತಿತ್ತು. ಒಂದೇ ಒಂದು ಸಲ ಕೆರೆದುಕೊಡುತ್ತೇನೆ ಎಂದಿತು. ಮಕರಂದ ಕೈ ಚಾಚಿದ, ಕೈ ಹಿಂತೆಗೆದ. ಕೆರೆಯಬಾರದು, ತಟ್ಟಬಹುದು ಎಂದು ಕೆಂಚವ್ವ ಹೇಳಿದ್ದಳು. ಮೆಲ್ಲಗೆ ತಟ್ಟುತ್ತ ಕೂತ. ಆ ತಾಳಕ್ಕೆ ಕರಡಿಗೇ ತೂಕಡಿಕೆ ಬಂದು ಉರುಳಿತು.

ನಾಲ್ಕನೆಯ ದಿನ ಕೈ ಉರಿಯಿತು. ಹುಣಸೆಮರದ ಬುಡದಲ್ಲಿ ಇಲ್ಲದ ಕೊಳವೊಂದು ಹುಟ್ಟಿತು, ಅದರಲ್ಲಿ ಒಂದು ಮೊಸಳೆ. ತಣ್ಣಗಿದೆ, ಮುಳುಗಿ ನೆನೆಯಬಾರದೇ ಎಂದಿತು. ಮಕರಂದ ಕೈ ಚಾಚಿದ, ಕೈ ಹಿಂತೆಗೆದ. ನೆನೆದ ಹಕ್ಕಳೆ ಬೇಗ ಕಿತ್ತುಬರುತ್ತದೆ ಎಂದು ಕೆಂಚವ್ವ ಹೇಳಿದ್ದಳು. ಮೊಸಳೆಯ ಬೆನ್ನನ್ನೇ ಮಣೆ ಮಾಡಿಕೊಂಡು, ಕೈಯೊಂದನ್ನು ಮೇಲೆತ್ತಿ, ಕಾಲು ಮಾತ್ರ ನೀರಿಗೆ ಬಿಟ್ಟು ಸಂಜೆಯವರೆಗೆ ಕೂತ. ಭಾರ ತಾಳದೆ ಮೊಸಳೆ ಕೊಳವನ್ನು ಸುರುಳಿ ಸುತ್ತಿಕೊಂಡು ಹೊರಟುಹೋಯಿತು.

ಆರನೆಯ ದಿನ ಒಂದು ನವಿಲು ಬಂತು. ಕೊಕ್ಕಿನಲ್ಲಿ ಚಿನ್ನದ ಸೂಜಿ. ಅದು ಕೆರೆಯುತ್ತೇನೆ ಎನ್ನಲಿಲ್ಲ, ನೆನೆಸು ಎನ್ನಲಿಲ್ಲ. ಹಚ್ಚೆಯನ್ನು ತಲೆ ಓರೆ ಮಾಡಿ ನೋಡಿತು.

"ಚೆನ್ನಾಗಿದೆ. ಐದನೇ ಎಲೆ ಮಾತ್ರ ಸೊಟ್ಟ. ನಿನ್ನ ಹೆಂಡತಿಯದು ತಿದ್ದಿ ತೀಡಿದ ಹಾಗಿರುತ್ತೆ. ಜೀವಮಾನವೆಲ್ಲ ನಿನ್ನ ಪಕ್ಕ ಕೈ ಚಾಚೋಕೆ ಅವಳಿಗೆ ನಾಚಿಕೆ ಆಗಲ್ವಾ? ಒಂದೇ ಚುಕ್ಕಿ ಸಾಕು, ನೋವೇ ಇಲ್ಲ."

ಮಕರಂದ ಕೈ ಚಾಚಿದ. ಈ ಸಲ ಹಿಂತೆಗೆಯಲಿಲ್ಲ. ಸೂಜಿ ಎಲೆಗೆ ಎಳ್ಳುಕಾಳಿನಷ್ಟು ದೂರದಲ್ಲಿತ್ತು.

ಹೊನ್ನಾಂಬೆ ತನ್ನ ಕೈಯನ್ನು ಅವನ ಕೈ ಪಕ್ಕದಲ್ಲಿಟ್ಟು ಅರಿಸಿನದ ಬಟ್ಟೆ ಬಿಚ್ಚಿದಳು. ಮಲ್ಲಿಗೆ ಬಳ್ಳಿ, ಸಾಲಾಗಿ ಎಲೆಗಳು, ಐದನೆಯದು ಸೊಟ್ಟ. ಅಷ್ಟೇ ಸೊಟ್ಟ, ಅದೇ ಕಡೆಗೆ ಸೊಟ್ಟ.

"ಕೆಂಚವ್ವನಿಗೆ ನಾನೇ ಹೇಳಿದ್ದು" ಎಂದಳು. "ನಿಮ್ಮದು ತಿದ್ದಿಸಿಕೊಂಡರೆ ನನ್ನದು ಒಂಟಿಯಾಗುತ್ತೆ."

ಮಕರಂದ ನವಿಲಿನ ಕೊಕ್ಕಿನಿಂದ ಸೂಜಿ ಕಿತ್ತುಕೊಂಡ. ಜನ್ಮದಲ್ಲಿ ಮೊದಲ ಸಲ ಸೂಜಿ ಹಿಡಿದ. ಅದನ್ನು ಎರಡಾಗಿ ಮುರಿದ.

ಏಳನೆಯ ದಿನ ಬೆಳಿಗ್ಗೆ ಹಕ್ಕಳೆ ತಾನಾಗಿ ಉದುರಿತು. ಧೂಮಕಾಲ ನಲವತ್ತು ಜನರನ್ನು ಕರೆದುಕೊಂಡು ಬಂದು ಶಿಳ್ಳೆ ಹಾಕಿದ. ಬಳ್ಳಿ ಅಲುಗಲಿಲ್ಲ. ಮತ್ತೆ ಹಾಕಿದ. ಮಲ್ಲಿಗೆಯ ಪರಿಮಳ ಬಂತು, ಅಷ್ಟೇ. ಸಿಟ್ಟಿನಿಂದ ಮಕರಂದನ ಕೈ ಹಿಡಿಯಲು ಬಾಗಿದಾಗ ಕೆಂಚವ್ವ ಅವನ ಸೊಂಟದ ಕೊಳವೆಯ ಬಿರಡೆಯನ್ನು ಪುಸಕ್ಕನೆ ಕಿತ್ತಳು. ನಲವತ್ತು ನೋವುಗಳೂ ತಂತಮ್ಮ ಮನೆಗೆ ಹಾರಿದವು. ನಲವತ್ತು ಜನ ಒಟ್ಟಿಗೆ "ಅಮ್ಮಾ" ಎಂದು ಕೈ ಕೊಡವಿಕೊಂಡರು, ಎಚ್ಚೆತ್ತರು, ನಾವಿಲ್ಲಿಗೆ ಯಾಕೆ ಬಂದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮಾಂತ್ರಿಕನ ಬಲ ಅಲ್ಲಿಗೆ ಮುಗಿಯಿತು.

"ನಿನ್ನ ಮೈಮೇಲಿನ ಹಚ್ಚೆ ತೋರಿಸಪ್ಪ" ಎಂದಳು ಕೆಂಚವ್ವ.

ಒಂದು ಚುಕ್ಕಿಯೂ ಇರಲಿಲ್ಲ. ಸೂಜಿಗೆ ಮಕರಂದನಿಗಿಂತ ಹೆಚ್ಚು ಹೆದರುವವನು ಅವನೇ. ಕೆಂಚವ್ವ ಅವನಿಗೂ ಮೊದಲು ರೊಟ್ಟಿ ತಿನ್ನಿಸಿ, ಗಲ್ಲದ ಮೇಲೆ ಎಳ್ಳಿನಷ್ಟು ಚುಕ್ಕಿ ಇಟ್ಟಳು. ಅವನ ಕೂಗು ಎಂಟನೆಯ ಬೆಟ್ಟದವರೆಗೂ ಕೇಳಿಸಿತು. ಅಂದಿನಿಂದ ಅವಳ ಬಳಿಯೇ ಕಾಡಿಗೆ ಅರೆಯುತ್ತ ಉಳಿದ.

ನಲವತ್ತು ಹಾವುಗಳನ್ನೂ ಕೆಂಚವ್ವ ಒಂದೊಂದಾಗಿ ಬೆಳೆಸಿದಳು. ಕುರುಬನ ಹಾವು ಹಗ್ಗವಾಯಿತು, ಅಗಸಗಿತ್ತಿಯದು ಹೊಳೆಯಾಯಿತು, ಅರಮನೆಯ ಅಡುಗೆಯವನದು ಚಕ್ಕುಲಿಯಾಯಿತು. ಮಕರಂದ ಹೊನ್ನಾಂಬೆಯರು ನೂರು ವರ್ಷ ಕೈ ಹಿಡಿದು ಆಳಿದರು. ಸಂಪಿಗೆಪುರದಲ್ಲಿ ಆಮೇಲೆ ಮದುವೆಯಾದವರೆಲ್ಲ ಐದನೆಯ ಎಲೆಯನ್ನು ಸೊಟ್ಟಗೇ ಹಾಕಿಸಿಕೊಂಡರು. ನಿಮ್ಮ ಮನೆಯ ಅಜ್ಜಿಯ ಮುಂಗೈ ಮೇಲೆ ಬಳ್ಳಿಯಿದ್ದರೆ ಎಲೆ ಎಣಿಸಿ ನೋಡಿ. ಐದನೆಯದು ನೆಟ್ಟಗಿದ್ದರೆ, ನೀವು ಎಣಿಸಿದ್ದು ತಪ್ಪು.